ನಾಳೆಯ ಮಾತು, ನಂಟರ ಮಾತು: ಟಿನ್ ಫ್ಯಾಕ್ಟರಿಯ ಕನ್ನಡಿಗರಿಗೆ ಇಟಾಲಿಯನ್ ವ್ಯಾಕರಣ

ಮುಂದೆ ನಡೆಯಲಿರುವುದನ್ನು ಹೇಳುವ ಕ್ರಿಯಾಪದ, ಮನೆಯವರನ್ನು ಹೆಸರಿಸುವ ನಾಮಪದ: ಇಟಾಲಿಯನ್ ಕಲಿಯುವವರು ಮೊದಲ ಕೆಲವು ತಿಂಗಳಲ್ಲೇ ಎದುರಿಸುವ ಎರಡು ಪಾಠಗಳಿವು. ಇವೆರಡೂ ಒಟ್ಟಿಗೆ ಬರುವುದು ಸಹಜ. ‘ಭಾನುವಾರ ನಮ್ಮಕ್ಕನ ಮನೆಗೆ ಹೋಗ್ತೀವಿ’, ‘ಮುಂದಿನ ತಿಂಗಳು ಚಿಕ್ಕಪ್ಪನ ಮಗಳ ಮದುವೆ’ ಎಂಬಂಥ ಮಾತಿಲ್ಲದೆ ಯಾವ ಭಾಷೆಯ ಸಂಸಾರವೂ ನಡೆಯದು. ನಮ್ಮಲ್ಲಿ ಈ ಪಾಠ ಸಾಮಾನ್ಯವಾಗಿ ಇಂಗ್ಲಿಷ್ ಪಠ್ಯಪುಸ್ತಕದ ಮೂಲಕ ಬರುತ್ತದೆ. ಆ ಪುಸ್ತಕ ಇಂಗ್ಲಿಷಿನವರು ಎಡವುವ ಕಡೆ ಎಚ್ಚರಿಕೆಯ ಫಲಕ ನೆಡುತ್ತದೆ. ಕನ್ನಡಿಗರು ಎಡವುವ ಜಾಗಗಳು ಬೇರೆ. ಇಂಗ್ಲಿಷಿನವರಿಗೆ ಕಷ್ಟವಾದ ಎಷ್ಟೋ ಸಂಗತಿ ಕನ್ನಡಿಗರಿಗೆ ಮನೆಮಾತಿನಲ್ಲೇ ಇದೆ. ಅದನ್ನು ತೋರಿಸಲು ಈ ಲೇಖನ ಉದಾಹರಣೆಗಳನ್ನು ಬೆಂಗಳೂರಿನ ಪೂರ್ವದ ಒಂದು ಬಸ್ ನಿಲ್ದಾಣದ ಆಡುಮಾತಿನಿಂದ ಆರಿಸಿಕೊಂಡಿದೆ.

ನಿಲ್ದಾಣ ಮತ್ತು ಅದರ ಮಾತು

ಹಳೆ ಮದ್ರಾಸ್ ರಸ್ತೆಗೆ ಹೊರವರ್ತುಲ ರಸ್ತೆ ಬಂದು ಸೇರುವ ಕಡೆ, ಕೆ.ಆರ್. ಪುರದ ತೂಗುಸೇತುವೆಯ ಪಕ್ಕದಲ್ಲಿ ಟಿನ್ ಫ್ಯಾಕ್ಟರಿ ಇದೆ. ಒಂದು ಕಡೆ ಬೆನ್ನಿಗಾನಹಳ್ಳಿ, ಇನ್ನೊಂದು ಕಡೆ ಕೆ.ಆರ್. ಪುರ ರೈಲು ನಿಲ್ದಾಣ, ಅದರಾಚೆ 1948ರಲ್ಲಿ ಆರಂಭವಾದ ಐಟಿಐ ಕಾರ್ಖಾನೆಯ ದೂರವಾಣಿನಗರ. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗಿನ ಮೆಟ್ರೊ 2023ರ ಅಕ್ಟೋಬರ್ 9ರಂದು ಓಡತೊಡಗಿದ ಮೇಲೂ ರಸ್ತೆಬದಿಯ ಜನಸಂದಣಿ ಕರಗಿಲ್ಲ. ಹೊಸಕೋಟೆ, ಕೋಲಾರ, ಮುಳಬಾಗಿಲು, ತಿರುಪತಿ, ಚಿತ್ತೂರು ಕಡೆಯ ಬಸ್ಸಿಗೆ ಜನ ಇಲ್ಲಿಯೇ ಕಾಯುತ್ತಾರೆ. ಕನ್ನಡ, ತೆಲುಗು, ತಮಿಳು, ದಕ್ಕನಿ ಉರ್ದು ಒಂದೇ ತಂಗುದಾಣದ ನೆರಳಲ್ಲಿ ನಿಂತಿರುತ್ತವೆ. ಅಲ್ಲಿ ಫೋನಿನಲ್ಲಿ ನಡೆಯುವ ಮಾತಿನ ಬಹುಪಾಲು ಎರಡೇ ವಿಷಯದ್ದು: ಎಷ್ಟು ಹೊತ್ತಿಗೆ ಬರುತ್ತೇನೆ, ಮನೆಯಲ್ಲಿ ಯಾರು ಯಾರಿದ್ದಾರೆ. ಈ ಲೇಖನದ ವಿಷಯವೂ ಅವೇ ಎರಡು.

ಇಟಲಿಗೂ ಕನ್ನಡ ಸೀಮೆಗೂ ವ್ಯಾಕರಣದ ನಂಟು ಹೊಸದಲ್ಲ. 17ನೆಯ ಶತಮಾನದ ಮಧ್ಯಭಾಗದಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದ ಇಟಲಿಯ ಜೆಸ್ಯೂಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ವ್ಯಾಕರಣವನ್ನೂ ಶಬ್ದಕೋಶವನ್ನೂ ಸಿದ್ಧಪಡಿಸಿದನೆಂದು ಜೆಸ್ಯೂಟರ ಇತಿಹಾಸ ಹೇಳುತ್ತದೆ. ತಮಿಳು ನಾಡಿಗೆ ಹೋದ ಇನ್ನೊಬ್ಬ ಇಟಾಲಿಯನ್, ಕೊಸ್ತಾಂತ್ಸೊ ಬೆಸ್ಕಿ (1680–1747), ಆಡುತಮಿಳಿಗೆ ಒಂದು, ಗ್ರಂಥಸ್ಥ ತಮಿಳಿಗೆ ಇನ್ನೊಂದು ಎಂದು ಬೇರೆಬೇರೆ ವ್ಯಾಕರಣ ಬರೆದ. ಆಡುಮಾತಿನದು 1738ರಲ್ಲಿ ತರಂಗಂಬಾಡಿಯಲ್ಲಿ ಅಚ್ಚಾಯಿತು. ಪುಸ್ತಕದ ಭಾಷೆಯೇ ಬೇರೆ, ಬಾಯಿಯ ಭಾಷೆಯೇ ಬೇರೆ ಎಂದು ಅವನು ಕಂಡುಕೊಂಡದ್ದು ನಮ್ಮ ಭವಿಷ್ಯತ್ ಕಾಲದ ವಿಷಯದಲ್ಲಂತೂ ಅಕ್ಷರಶಃ ನಿಜ.

ಯಾರೂ ಆಡದ ಭವಿಷ್ಯತ್ತು

‘ಹೋಗುತ್ತಾನೆ, ಹೋದನು, ಹೋಗುವನು’ ಎಂದು ಶಾಲೆಯಲ್ಲಿ ಮೂರು ಕಾಲ ಬಾಯಿಪಾಠ ಮಾಡಿದವರೇ ಎಲ್ಲರೂ. ಆದರೆ ಟಿನ್ ಫ್ಯಾಕ್ಟರಿಯಲ್ಲಿ ನಿಂತು ‘ನಾಳೆ ಬರುವೆನು’ ಎಂದವರುಂಟೆ? ಅಲ್ಲಿ ಕೇಳುವುದು ‘ನಾಳೆ ಬರ್ತೀನಿ’. ‘ದಿನಾ ಇದೇ ಬಸ್ಸಿಗೆ ಬರ್ತೀನಿ’ ಎಂಬಲ್ಲಿಯೂ ಅದೇ ರೂಪ. ರೂಢಿಯಾದದ್ದಕ್ಕೂ ಮುಂದಾಗುವುದಕ್ಕೂ ಒಂದೇ ಕ್ರಿಯಾಪದ. ಯಾವುದೆಂದು ತೀರ್ಮಾನಿಸುವುದು ‘ದಿನಾ’, ‘ನಾಳೆ’, ‘ನಾಡಿದ್ದು’ ಎಂಬ ಪದಗಳು. ಕನ್ನಡಕ್ಕೆ ನಿಜವಾಗಿ ಇರುವುದು ಆದದ್ದು ಮತ್ತು ಆಗದೆ ಉಳಿದದ್ದು ಎಂಬ ಎರಡೇ ಭೇದ, ಮೂರು ಕಾಲದ ಲೆಕ್ಕ ಸಂಸ್ಕೃತದ ಅಚ್ಚಿನಿಂದ ಬಂದದ್ದು ಎನ್ನುವ ವಾದವನ್ನು ಡಿ.ಎನ್. ಶಂಕರ ಭಟ್ಟರ ಬರಹಗಳನ್ನು ಓದಿದವರು ಬಲ್ಲರು. ಹೆರಾಲ್ಡ್ ಷಿಫ್‌ಮನ್ 1983ರಲ್ಲಿ ಪ್ರಕಟಿಸಿದ ಆಡುಗನ್ನಡದ ವ್ಯಾಕರಣವೂ ಬಳಕೆಯ ರೂಪಗಳನ್ನೇ ಆಧಾರವಾಗಿ ಇಟ್ಟುಕೊಂಡಿದೆ.

ಹಳಗನ್ನಡದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದ ಭಾಷೆಯಲ್ಲಿ ‘ಪೋಪಂ’, ‘ಮಾೞ್ಪಂ’ ಎಂಬ ರೂಪಗಳು ಜೀವಂತ. ಆಮೇಲೆ ‘ಬರುತ್ತ’ ಎಂಬ ಕೃದಂತದಿಂದ ಬೆಳೆದ ಹೊಸ ರೂಪ ಮಾತನ್ನೆಲ್ಲ ಆಕ್ರಮಿಸಿ, ಹಳೆಯ ಭವಿಷ್ಯತ್ತನ್ನು ಕವಿತೆಗೆ, ಭಾಷಣಕ್ಕೆ, ದೇವರ ಪ್ರಾರ್ಥನೆಗೆ ಅಟ್ಟಿತು. ಹೆಸರಿನ ಹಿಂದೆ ಬರುವಾಗ ಮಾತ್ರ ಅದು ಉಳಿದಿದೆ: ‘ಬರೋ ಸೋಮವಾರ’, ‘ಕೋಲಾರಕ್ಕೆ ಹೋಗೋ ಬಸ್ಸು’. ‘ಬಂದಾನು’, ‘ಮಳೆ ಬಂದೀತು’ ಎಂಬ ಸಂಭಾವನಾರ್ಥಕವನ್ನು ಉತ್ತರ ಕರ್ನಾಟಕದಲ್ಲೋ ಮಲೆನಾಡಿನಲ್ಲೋ ಕೇಳಬಹುದು. ಬೆಂಗಳೂರಿನ ಪೂರ್ವದಲ್ಲಿ ಅದರ ಜಾಗವನ್ನು ‘ಬರಬಹುದು’ ತುಂಬಿದೆ.

ನೆರೆಯ ಭಾಷೆಗಳೂ ಬಹುಮಟ್ಟಿಗೆ ಇದೇ ದಾರಿ. ತೆಲುಗಿನ ‘ರೇಪು ವಸ್ತಾನು’ ಎಂಬಲ್ಲಿನ ‘ವಸ್ತಾನು’ ದಿನನಿತ್ಯದ ಬರುವಿಕೆಗೂ ಸಲ್ಲುತ್ತದೆ. ದಕ್ಕನಿಯವರು ‘ಕಲ್ ಆತೂಂ’ ಎಂದರೆ ಅದೂ ವರ್ತಮಾನದ ರೂಪವೇ. ತಮಿಳಿಗೆ ‘ವರುವೇನ್’ ಎಂಬ ಬೇರೆ ಭವಿಷ್ಯದ್ರೂಪ ಉಂಟು, ಆದರೂ ಬಸ್ಸಿಗೆ ಕಾಯುವವರ ಬಾಯಲ್ಲಿ ‘ನಾಳೈಕ್ಕಿ ವರೇನ್’ ಎಂದೇ ಬರುತ್ತದೆ.

ಇಟಾಲಿಯನ್ನಿನ ಕಥೆ ತಿರುಗುಮುರುಗು. ಲ್ಯಾಟಿನ್ನಿನ ಹಳೆಯ ಭವಿಷ್ಯತ್ ರೂಪ, ‘ಹಾಡುವೆ’ ಎಂಬರ್ಥದ ‘ಕಾಂತಾಬೊ’, ಕಾಲಕ್ರಮದಲ್ಲಿ ಅಳಿಯಿತು. ಜನ ‘ಹಾಡಲು ಇದೆ ನನಗೆ’ ಎಂಬ ರೀತಿಯಲ್ಲಿ ಭಾವರೂಪದ ಮುಂದೆ ‘ಹೊಂದಿರು’ ಎಂಬ ಸಹಾಯಕ ಕ್ರಿಯಾಪದ ಇಟ್ಟು ಮಾತಾಡಿದರು. ಎರಡೂ ಬೆಸೆದು ಹೊಸ ರೂಪ ಹುಟ್ಟಿತು. 7ನೆಯ ಶತಮಾನದ ಫ್ರೆಡೆಗಾರ್ ಚರಿತ್ರೆಯಲ್ಲಿ ‘ನೀನು ಕೊಡುವೆ’ ಎಂಬರ್ಥದ ‘ದಾರಾಸ್’ ಸಿಗುವುದನ್ನು ಈ ಬೆಸುಗೆಯ ಬಹಳ ಹಳೆಯ ಸಾಕ್ಷಿಯೆಂದು ವಿದ್ವಾಂಸರು ಎತ್ತಿ ತೋರಿಸುತ್ತಾರೆ. ಇಂದಿನ ‘ಕಾಂತೆರೋ’ ಎಂಬಲ್ಲಿ ಕೊನೆಯ ‘ಓ’ ಆ ಸಹಾಯಕ ಕ್ರಿಯಾಪದದ ಉಳಿಕೆ.

ಕಟ್ಟುವ ಕ್ರಮ ಸುಲಭ. ‘ಮಾತಾಡು’ ಎಂಬರ್ಥದ ‘ಪಾರ್ಲಾರೆ’ಯ ಕೊನೆಯ ಸ್ವರ ಕಳಚಿ, ‘ಆ’ಕಾರವನ್ನು ‘ಎ’ಕಾರ ಮಾಡಿ, ಪುರುಷಪ್ರತ್ಯಯ ಹಚ್ಚಿದರಾಯಿತು: ಪಾರ್ಲೆರೋ, ಪಾರ್ಲೆರಾಯ್, ಪಾರ್ಲೆರಾ, ಪಾರ್ಲೆರೇಮೊ, ಪಾರ್ಲೆರೇತೆ, ಪಾರ್ಲೆರಾನ್ನೊ. ಕ್ರಿಯಾಪದಗಳ ಮೂರು ಗಣಕ್ಕೂ ಪ್ರತ್ಯಯ ಇವೇ. ಅಡ್ಡದಾರಿ ಹಿಡಿಯುವ ಕೆಲವನ್ನು ಬಾಯಿಪಾಠ ಮಾಡದೆ ಗತಿಯಿಲ್ಲ: ಇರುವೆನು ‘ಸಾರೋ’, ಹೋಗುವೆನು ‘ಆಂದ್ರೋ’, ಬರುವೆನು ‘ವೆರ್ರೋ’, ಮಾಡುವೆನು ‘ಫಾರೋ’, ನೋಡುವೆನು ‘ವೆದ್ರೋ’. ಸರ್ವನಾಮ ಬೇಕಿಲ್ಲ. ‘ಬರ್ತೀನಿ’ ಎಂದರೆ ‘ನಾನು’ ಅದರೊಳಗೇ ಇರುವಂತೆ ‘ವೆರ್ರೋ’ದೊಳಗೂ ಇದೆ. ಇಂಗ್ಲಿಷ್ ಪುಸ್ತಕ ಇದನ್ನು ವಿಶೇಷವೆಂಬಂತೆ ಅರ್ಧ ಪುಟ ವಿವರಿಸುತ್ತದೆ, ಕನ್ನಡಿಗರು ಪುಟ ತಿರುಗಿಸಬಹುದು.

ಇನ್ನೊಂದು ಕಡೆ ಕನ್ನಡದ ಕಿವಿ ನಿಜಕ್ಕೂ ವರ. ‘ನಾವು ಬರುತ್ತೇವೆ’ ಎನ್ನಲು ‘ವೆರ್ರೇಮೊ’, ‘ಬರುತ್ತಿದ್ದೆವು, ಆದರೆ’ ಎಂಬ ಧಾಟಿಯ ಷರತ್ತಿಗೆ ‘ವೆರ್ರೆಮ್ಮೊ’. ಒಂದು ಮಕಾರಕ್ಕೂ ಎರಡು ಮಕಾರಕ್ಕೂ ನಡುವೆ ಮದುವೆಗೆ ಬರುವವರೂ ಬರದವರೂ ಬೇರೆಯಾಗುತ್ತಾರೆ. ದ್ವಿತ್ವ ಕೇಳದ ಇಂಗ್ಲಿಷಿನ ಕಿವಿಗೆ ಇದು ದೊಡ್ಡ ತೊಡಕು. ಕತೆಗೂ ಕತ್ತೆಗೂ ಭೇದ ಬಲ್ಲವರಿಗೆ ತೊಡಕೇ ಅಲ್ಲ.

ಇಷ್ಟೆಲ್ಲ ಕಲಿತ ಮೇಲೆ ಬರುವ ಆಘಾತವೆಂದರೆ ಇಟಾಲಿಯನ್ನರು ನಾಳೆಯ ಮಾತಿಗೆ ಈ ರೂಪವನ್ನು ಅಷ್ಟಾಗಿ ಬಳಸುವುದಿಲ್ಲ. ‘ನಾಳೆ ಹೊರಡ್ತೀನಿ’ ಎನ್ನಲು ‘ದೊಮಾನಿ ಪಾರ್ತೊ’ ಸಾಕು. ‘ಪಾರ್ತೊ’ ಶುದ್ಧ ವರ್ತಮಾನ. ದಕ್ಷಿಣ ಇಟಲಿಯ, ಸಿಸಿಲಿಯ ಉಪಭಾಷೆಗಳಲ್ಲಂತೂ ಭವಿಷ್ಯದ್ರೂಪವೇ ಬೇರೂರಿಲ್ಲ. ಅಂದರೆ ‘ನಾಳೆ ಬರ್ತೀನಿ’ ಎನ್ನುವವರು ಅದೇ ತರ್ಕದಲ್ಲಿ ‘ದೊಮಾನಿ ವೆಂಗೊ’ ಎಂದರೆ ಸರಿಯಾದ ಇಟಾಲಿಯನ್ನನ್ನೇ ಆಡಿದಂತೆ. ಭವಿಷ್ಯದ್ರೂಪ ಉಳಿದಿರುವುದು ದೂರದ ಮಾತಿಗೆ, ಭರವಸೆಗೆ, ಬರವಣಿಗೆಗೆ, ಮತ್ತು ಮುಂದೆ ಹೇಳುವ ಊಹೆಗೆ.

ಊಹೆ, ಹೊಸ್ತಿಲು, ಹೇಳಿಕೆ

‘ಈಗೆಷ್ಟು ಗಂಟೆ?’ ‘ಎಂಟಾಗಿರುತ್ತೆ.’ ‘ಅವರಿಗೆಷ್ಟು ವಯಸ್ಸು?’ ‘ಒಂದು ಮೂವತ್ತಿರುತ್ತೆ.’ ಇಲ್ಲಿ ‘ಇರುತ್ತೆ’ ಎಂಬುದು ನಾಳೆಯದಲ್ಲ, ಈಗಿನ ಅಂದಾಜು. ಇಟಾಲಿಯನ್ ಇದೇ ಕೆಲಸಕ್ಕೆ ಭವಿಷ್ಯದ್ರೂಪ ಹಾಕುತ್ತದೆ: ‘ಸಾರಾನ್ನೊ ಲೆ ಒತ್ತೊ’ ಎಂದರೆ ಎಂಟಾಗಿರುತ್ತೆ, ‘ಆವ್ರಾ ತ್ರೆಂತಾನ್ನಿ’ ಎಂದರೆ ಮೂವತ್ತಿರುತ್ತೆ, ‘ಸಾರಾ ಅ ಕಾಸಾ’ ಎಂದರೆ ಮನೇಲಿರ್ತಾನೆ ನೋಡು. ಪುಸ್ತಕಗಳು ಇದನ್ನು ಕೊನೆಯ ಅಧ್ಯಾಯಕ್ಕೆ ತಳ್ಳುವುದುಂಟು. ಕನ್ನಡಿಗರಿಗೆ ಮೊದಲ ವಾರದಲ್ಲೇ ಹೇಳಿಕೊಡಬಹುದಾದ ಪಾಠವಿದು.

ಹೊರಡುವ ಹೊಸ್ತಿಲಲ್ಲಿರುವುದಕ್ಕೆ ‘ಸ್ತಾರೆ ಪೆರ್’ ಎಂಬ ಕಟ್ಟು. ‘ಇಲ್ ತ್ರೇನೊ ಸ್ತಾ ಪೆರ್ ಪಾರ್ತೀರೆ’ ಎಂದರೆ ರೈಲು ಇನ್ನೇನು ಹೊರಡೋದರಲ್ಲಿದೆ. ‘ಹೋಗು’ ಎಂಬ ಕ್ರಿಯಾಪದವನ್ನು ಮುಂದಿನ ಕಾಲದ ಗುರುತಾಗಿ ಬಳಸುವ ಇಂಗ್ಲಿಷ್, ಫ್ರೆಂಚ್ ಚಾಳಿ ಇಟಾಲಿಯನ್ನಿಗಿಲ್ಲ. ‘ವಾದೊ ಅ ಮಾಂಜಾರೆ’ ಎಂದರೆ ಊಟ ಮಾಡೋಕೆ ಎದ್ದು ಹೋಗುವುದೇ. ಕನ್ನಡದ ‘ಊಟಕ್ಕೆ ಹೋಗ್ತೀನಿ’ಗೂ ಅಷ್ಟೇ ಅರ್ಥ. ಆದರೆ ‘ನಾಳೆ ಹೊರಡ್ತಾ ಇದ್ದೀನಿ’ ಎಂದು ನಾವು ಹೇಳುವಂತೆ ಇಟಾಲಿಯನ್ನಿನಲ್ಲಿ ನಡೆಯುತ್ತಿರುವ ಕ್ರಿಯೆಯ ರೂಪವನ್ನು ನಾಳೆಗೆ ಹಚ್ಚುವಂತಿಲ್ಲ. ಆ ರೂಪ ಈ ಕ್ಷಣದ್ದು ಮಾತ್ರ. ಇಲ್ಲಿ ಕನ್ನಡಿಗರು ಜಾಗ್ರತೆ ವಹಿಸಬೇಕು.

ಅಮ್ಮ ಒಳಗಿನಿಂದ ಕೂಗಿದಾಗ ಕನ್ನಡದ ಮಕ್ಕಳು ಕುಳಿತಲ್ಲಿಂದಲೇ ‘ಬಂದೆ’ ಎನ್ನುತ್ತಾರೆ. ಟಿನ್ ಫ್ಯಾಕ್ಟರಿಯ ದಟ್ಟಣೆಯಲ್ಲಿ ಸಿಕ್ಕಿಬಿದ್ದವರು ‘ಬಂದ್ಬಿಟ್ಟೆ, ಐದೇ ನಿಮಿಷ’ ಎಂದು ಫೋನಿನಲ್ಲಿ ಹೇಳುವುದೂ ಭೂತಕಾಲದಲ್ಲೇ. ಆಗದ್ದನ್ನು ಆಯಿತೆಂದೇ ಹೇಳುವ ಈ ಧೈರ್ಯ ಇಟಾಲಿಯನ್ನರಿಗಿಲ್ಲ. ಅವರ ಮಕ್ಕಳು ಕೂಗುವುದು ‘ಅರ್ರೀವೊ’, ಅಂದರೆ ತಲುಪುತ್ತಿದ್ದೇನೆ ಎಂಬ ವರ್ತಮಾನ. ಎರಡೂ ನಾಡಿನ ತಾಯಂದಿರು ಅದನ್ನು ಎಷ್ಟು ನಂಬುತ್ತಾರೆಂಬುದು ವ್ಯಾಕರಣದ ಹೊರಗಿನ ವಿಷಯ.

ರೈಲು ನಿಲ್ದಾಣದ ಧ್ವನಿವರ್ಧಕದ ಭಾಷೆಯೇ ಬೇರೆ. ‘ಬರಲಿದೆ’, ‘ನಡೆಯಲಿದೆ’, ‘ಉದ್ಘಾಟಿಸಲಿದ್ದಾರೆ’ ಎಂಬ ರೂಪ ಮನೆಯೊಳಗೆ ಕಾಲಿಡುವುದಿಲ್ಲ; ಪ್ರಕಟಣೆ, ಸುದ್ದಿ, ಆಮಂತ್ರಣ ಅದರ ತಾವು. ಇಟಲಿಯ ನಿಲ್ದಾಣಗಳಲ್ಲಿ ರೈಲು ‘ಇನ್ ಅರ್ರೀವೊ’, ಅಂದರೆ ಆಗಮನದಲ್ಲಿ, ಎಂದು ಕ್ರಿಯೆಯನ್ನು ನಾಮಪದವಾಗಿಸಿ ಕೂಗುತ್ತಾರೆ.

ಕನ್ನಡಿಗರು ನಿಜವಾಗಿ ಎಡವುವ ಜಾಗ ಇನ್ನೊಬ್ಬರ ಮಾತನ್ನು ತಿರುಗಿ ಹೇಳುವಾಗ. ‘ಬರ್ತೀನಿ ಅಂತ ಹೇಳಿದ್ದ’ ಎಂಬಲ್ಲಿ ಅವನಾಡಿದ ‘ಬರ್ತೀನಿ’ಯನ್ನು ಹಾಗೆಯೇ ಎತ್ತಿ ‘ಅಂತ’ದ ಕೈಗೆ ಕೊಟ್ಟರೆ ಮುಗಿಯಿತು. ಕಾಲ ಬದಲಿಸುವ ಗೊಡವೆಯಿಲ್ಲ, ಪುರುಷ ಬದಲಿಸುವುದೂ ಕಡ್ಡಾಯವಲ್ಲ. ಇಟಾಲಿಯನ್ನಿನಲ್ಲಿ ಅವನು ‘ವೆರ್ರೋ’ ಎಂದೇ ಹೇಳಿದ್ದರೂ ನಾವು ವರದಿ ಮಾಡುವಾಗ ‘ಆ ದೆತ್ತೊ ಕೆ ಸಾರೆಬ್ಬೆ ವೆನೂತೊ’ ಎನ್ನಬೇಕು. ಅದು ಷರತ್ತಿನ ಕ್ರಿಯಾರೂಪ, ಅದರಲ್ಲೂ ಮುಗಿದ ಕ್ರಿಯೆಯದು. ಬಂದನೋ ಬಿಟ್ಟನೋ ಎಂಬುದನ್ನು ಅದು ಹೇಳುವುದಿಲ್ಲ. ಹೇಳಿದ ಕ್ಷಣದಿಂದ ನೋಡಿದರೆ ಮುಂದಿನದು ಎಂಬುದಷ್ಟೇ ಅದರ ತಾತ್ಪರ್ಯ. ಇಂಗ್ಲಿಷಿನ ಅಚ್ಚಿನಲ್ಲಿ ಸರಳ ಷರತ್ತಿನ ರೂಪ ಹಾಕಿದರೂ ತಪ್ಪು, ಬರುವ ವೇಳೆ ಆಗಲೇ ಕಳೆದಿದ್ದರೆ ಕನ್ನಡದ ಅಚ್ಚಿನಲ್ಲಿ ಭವಿಷ್ಯದ್ರೂಪ ಹಾಕಿದರೂ ತಪ್ಪು. ಇದೊಂದಕ್ಕೆ ಮಾತ್ರ ನಮ್ಮಲ್ಲಿ ಸಿದ್ಧ ಅಚ್ಚಿಲ್ಲ, ಅಭ್ಯಾಸವೇ ದಾರಿ.

‘ಮಳೆ ಬಂದ್ರೆ ಹೊರಗೆ ಹೋಗಲ್ಲ’ ಎಂಬ ವಾಕ್ಯದಲ್ಲಿ ಕನ್ನಡ ಷರತ್ತನ್ನು ಭೂತಧಾತುವಿನಿಂದ ಕಟ್ಟುತ್ತದೆ. ಇಟಾಲಿಯನ್ ಬರಹದಲ್ಲಿ ‘ಸೆ ಪಿಯೊವೆರಾ, ನೊನ್ ಉಷಿರೋ’ ಎಂದು ಎರಡೂ ಕಡೆ ಭವಿಷ್ಯತ್ತು, ಮಾತಿನಲ್ಲಿ ‘ಸೆ ಪಿಯೋವೆ, ನೊನ್ ಎಸ್ಕೊ’ ಎಂದು ಎರಡೂ ಕಡೆ ವರ್ತಮಾನ. ‘ಕೆಲಸ ಮುಗಿಸಿದ ಮೇಲೆ ಫೋನ್ ಮಾಡ್ತೀನಿ’ ಎಂಬುದಕ್ಕೆ ಬರಹದ ಇಟಾಲಿಯನ್ ಪೂರ್ಣ ಭವಿಷ್ಯತ್ತನ್ನು, ‘ಕ್ವಾಂದೊ ಆವ್ರೋ ಫಿನೀತೊ’ ಎಂಬುದನ್ನು, ಬಯಸುತ್ತದೆ.

‘ನಮ್ಮ’ ಅಪ್ಪ, ‘ಮಿಯೊ’ ಪಾದ್ರೆ

ಇಟಾಲಿಯನ್ನಿನಲ್ಲಿ ‘ನನ್ನ ಪುಸ್ತಕ’ ಎನ್ನಲು ನಿರ್ದೇಶಕ ಪದ ಬೇಕೇ ಬೇಕು: ‘ಇಲ್ ಮಿಯೊ ಲೀಬ್ರೊ’. ಆದರೆ ಮನೆಯವರ ಹೆಸರು ಬಂದೊಡನೆ ‘ಇಲ್’, ‘ಲಾ’ ಬಿದ್ದುಹೋಗುತ್ತವೆ: ‘ಮಿಯೊ ಪಾದ್ರೆ’, ‘ಮಿಯಾ ಮಾದ್ರೆ’, ‘ತುವೊ ಫ್ರಾತೆಲ್ಲೊ’. ಅಪ್ಪ, ಅಮ್ಮ ಎಂಬವು ಅಂಕಿತನಾಮದಂತೆ ನಡೆಯುವುದರಿಂದ ಅವಕ್ಕೆ ಬೆರಳು ತೋರಿಸುವ ಪದ ಬೇಡ. ಕನ್ನಡದಲ್ಲೂ ‘ಅಮ್ಮ ಬಂದ್ರು’ ಎಂದರೆ ಯಾರ ಅಮ್ಮ ಎಂದು ಕೇಳುವವರಿಲ್ಲ.

ಈ ರಿಯಾಯಿತಿಗೆ ಷರತ್ತುಗಳಿವೆ. ನಾಮಪದ ಏಕವಚನದಲ್ಲಿರಬೇಕು, ಬಹುವಚನವಾದರೆ ನಿರ್ದೇಶಕ ವಾಪಸು ಬರುತ್ತದೆ, ‘ಇ ಮಿಯೆಯ್ ಫ್ರಾತೆಲ್ಲಿ’. ಮುದ್ದಿನ ಪ್ರತ್ಯಯ ಹತ್ತಿದರೂ ಬರುತ್ತದೆ: ಪುಟ್ಟ ತಂಗಿ ‘ಲಾ ಮಿಯಾ ಸೊರೆಲ್ಲೀನಾ’. ‘ಅವರ’ ಎಂಬರ್ಥದ ‘ಲೋರೊ’ ಇದ್ದಾಗ ಯಾವಾಗಲೂ ಬರುತ್ತದೆ: ‘ಇಲ್ ಲೋರೊ ಪಾದ್ರೆ’. ‘ಮಮ್ಮಾ’, ‘ಪಪಾ’ ಎಂಬ ಸಲಿಗೆಯ ಪದಗಳಿಗೆ ಸಾಂಪ್ರದಾಯಿಕ ವ್ಯಾಕರಣ ನಿರ್ದೇಶಕ ಕೇಳುತ್ತದೆ, ಅನೇಕ ಪ್ರದೇಶಗಳ ಮಾತು ಕೇಳುವುದಿಲ್ಲ. ಗುಣವಾಚಕ ಸೇರಿದರೂ ನಿರ್ದೇಶಕ ಹಾಜರು. ಈ ಕೊನೆಯ ಷರತ್ತು ಕನ್ನಡಿಗರನ್ನು ಹಿಡಿದು ಹಾಕುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ನಮಗೆ ಅಣ್ಣ ಇರುತ್ತಾನೆ, ತಮ್ಮ ಇರುತ್ತಾನೆ. ಬರೀ ಒಡಹುಟ್ಟಿದವನು ಎಂಬುದು ಆಡುಮಾತಿನಲ್ಲಿಲ್ಲ. ಇಟಾಲಿಯನ್ನಿನ ‘ಫ್ರಾತೆಲ್ಲೊ’ ವಯಸ್ಸು ಹೇಳುವುದಿಲ್ಲ. ಆದ್ದರಿಂದ ‘ಅಣ್ಣ’ ಎಂದು ಯೋಚಿಸಿದವರು ‘ಹಿರಿಯ’ ಎಂಬ ‘ಮಜ್ಜೋರೆ’ಯನ್ನು ಸೇರಿಸುತ್ತಾರೆ. ಸೇರಿಸಿದ ಕ್ಷಣವೇ ನಿಯಮ ಮಗುಚಿಕೊಳ್ಳುತ್ತದೆ: ‘ಮಿಯೊ ಫ್ರಾತೆಲ್ಲೊ’ ಸರಿ, ಆದರೆ ‘ಇಲ್ ಮಿಯೊ ಫ್ರಾತೆಲ್ಲೊ ಮಜ್ಜೋರೆ’. ಮೊದಲಲ್ಲಿ ‘ಇಲ್’ ಇರಬೇಕೆಂದು ವ್ಯಾಕರಣ ಕೇಳುತ್ತದೆ. ಇಂಗ್ಲಿಷಿನವರಿಗೆ ಅಪರೂಪವಾಗಿ ಎದುರಾಗುವ ಈ ಅಪವಾದ ಅಣ್ಣ–ತಮ್ಮ, ಅಕ್ಕ–ತಂಗಿಯರ ನಡುವೆ ಬೆಳೆದವರಿಗೆ ಪ್ರತಿ ಎರಡನೆಯ ವಾಕ್ಯದಲ್ಲಿ ಎದುರಾಗುತ್ತದೆ. ವಯಸ್ಸು ಮುಖ್ಯವಲ್ಲದ ಕಡೆ ಅದನ್ನು ಬಿಟ್ಟು ಬರೀ ‘ಮಿಯೊ ಫ್ರಾತೆಲ್ಲೊ’ ಎನ್ನುವುದೇ ಒಳ್ಳೆಯದು. ಇಟಾಲಿಯನ್ನರು ಮಾಡುವುದೂ ಅದನ್ನೇ.

ಇನ್ನೊಂದು ಎಡವಟ್ಟು ‘ನಮ್ಮ’ದು. ಒಬ್ಬನೇ ಮಗನಾದರೂ ಕನ್ನಡದಲ್ಲಿ ‘ನಮ್ಮಪ್ಪ’, ‘ನಮ್ಮಮ್ಮ’. ಮನೆ, ಊರು, ಅತ್ತೆ, ಮಾವ ಎಲ್ಲವೂ ‘ನಮ್ಮ’ವೇ. ಹೆಂಡತಿ, ಗಂಡ ಎಂಬ ಪದಗಳ ಹಿಂದೆ ‘ನನ್ನ’ ಬರುತ್ತದಾದರೂ ಅವನ್ನೂ ‘ನಮ್ಮನೆಯವರು’ ಎಂದು ಒಳಗೆ ಸೇರಿಸಿಕೊಳ್ಳುವವರು ಬಹಳ. ಪಕ್ಕದಲ್ಲಿ ನಿಂತ ತೆಲುಗಿನವರು ‘ಮಾ ನಾನ್ನ’, ತಮಿಳರು ‘ಎಂಗ ಅಪ್ಪಾ’ ಎನ್ನುವಾಗ ಕೇಳುಗರನ್ನು ಹೊರಗಿಟ್ಟ ‘ನಮ್ಮ’ವನ್ನು ಆರಿಸುತ್ತಾರೆ, ಕನ್ನಡಕ್ಕೆ ಒಳಗಿನ–ಹೊರಗಿನ ಆ ಭೇದವಿಲ್ಲ. ಇಟಾಲಿಯನ್ನಿನಲ್ಲಿ ‘ನೊಸ್ತ್ರೊ ಪಾದ್ರೆ’ ಎಂದರೆ ಒಡಹುಟ್ಟಿದವರ ಪರವಾಗಿ ಮಾತಾಡಿದಂತೆ. ಪಕ್ಕದಲ್ಲಿ ತಮ್ಮನೋ ತಂಗಿಯೋ ಇದ್ದಾರೆಯೇ ಎಂದು ಕೇಳುಗರು ತಿರುಗಿ ನೋಡಬಹುದು. ಇಲ್ಲಿ ‘ಮಿಯೊ’ ಎಂಬ ಏಕವಚನಕ್ಕೆ ನಾಲಗೆಯನ್ನು ಒಗ್ಗಿಸಿಕೊಳ್ಳಬೇಕು.

ಹಾಗೆಂದು ನಮ್ಮಪ್ಪನಂತೆ ಬೆಸೆದುಕೊಂಡ ರೂಪ ಇಟಲಿಗೆ ಅಪರಿಚಿತವೇನಲ್ಲ. ನೇಪಲ್ಸ್ ಕಡೆಯ ಮಾತಿನಲ್ಲಿ ನಿಮ್ಮಮ್ಮ ‘ಮಾಮ್ಮೆತಾ’, ನಿನ್ನ ತಂಗಿ ‘ಸೋರೆತಾ’: ಸ್ವಾಮ್ಯಸೂಚಕ ಹೋಗಿ ಬಂಧುವಾಚಕದ ಬಾಲಕ್ಕೆ ಅಂಟಿಕೊಂಡಿದೆ. ಬೇರೆ ವಸ್ತುವಿಗೆ ಹೀಗೆ ಅಂಟುವುದಿಲ್ಲ, ನಂಟರಿಗೆ ಮಾತ್ರ.

ಅವನ ಅಮ್ಮ, ಅವಳ ಅಮ್ಮ ಎಂದು ನಾವು ಬೇರೆಮಾಡುವುದು ಒಡೆಯರನ್ನು ನೋಡಿ. ಇಟಾಲಿಯನ್ ನೋಡುವುದು ಒಡೆತನಕ್ಕೆ ಒಳಗಾದವರನ್ನು: ‘ಸುವಾ ಮಾದ್ರೆ’ ಎಂದರೆ ಅವನ ತಾಯಿಯೂ ಹೌದು, ಅವಳ ತಾಯಿಯೂ ಹೌದು, ಗೌರವದಿಂದ ನಿಮ್ಮ ತಾಯಿಯವರೂ ಹೌದು. ಗೌರವಕ್ಕೆ ಅವರು ಬಳಸುವ ‘ಲೇಯ್’ ಮೂಲತಃ ‘ಅವಳು’. 1938ರಲ್ಲಿ ಮುಸೊಲಿನಿಯ ಸರ್ಕಾರ ಅದನ್ನು ಬಹಿಷ್ಕರಿಸಿ ‘ವೋಯ್’ ಎಂಬ ಬಹುವಚನವನ್ನು ಹೇರಲು ನೋಡಿತು. ಸರ್ಕಾರ ಹೋಯಿತು, ‘ಲೇಯ್’ ಉಳಿಯಿತು. ಕನ್ನಡದ ‘ಅಪ್ಪ ಬರ್ತಾರೆ’ಯಲ್ಲಿನ ಗೌರವದ ಬಹುವಚನ ಇಂದಿನ ಇಟಾಲಿಯನ್ನಿನಲ್ಲಿಲ್ಲ. ಅಪ್ಪನಿಗೆ ಏಕವಚನದ ಕ್ರಿಯಾಪದ ಹಚ್ಚಲು ನಮ್ಮ ಕೆಲವರಿಗೆ ಮುಜುಗರವಾದರೂ ಹಚ್ಚಲೇಬೇಕು.

ಅತ್ತೆ, ಮಾವ ಮತ್ತು ‘ನಿಪೋತೆ’

ಕನ್ನಡದಲ್ಲಿ ಅಪ್ಪನ ಅಣ್ಣ ದೊಡ್ಡಪ್ಪ, ಅಮ್ಮನ ತಂಗಿ ಚಿಕ್ಕಮ್ಮ. ಅವರ ಮಕ್ಕಳೆಲ್ಲ ಅಣ್ಣ, ತಮ್ಮ, ಅಕ್ಕ, ತಂಗಿ. ಅಪ್ಪನ ತಂಗಿ ಅತ್ತೆ, ಅಮ್ಮನ ಅಣ್ಣ ಮಾವ. ಅವರ ಮಕ್ಕಳನ್ನು ಮದುವೆಯಾಗಬಹುದು, ಆದಾಗ ಗಂಡನ ತಾಯಿಯೂ ಅತ್ತೆಯೇ, ತಂದೆಯೂ ಮಾವನೇ. ಹೀಗೆ ಸೋದರಿಕೆಯ ಪದಗಳಲ್ಲೇ ಮದುವೆಯ ನಿಯಮ ಅಡಗಿರುವುದನ್ನು ಲೂಯಿಸ್ ಹೆನ್ರಿ ಮಾರ್ಗನ್ 1871ರ ತನ್ನ ದೊಡ್ಡ ಗ್ರಂಥದಲ್ಲಿ ಗುರುತಿಸಲು ಹೊರಟ. ಎಂ.ಎನ್. ಶ್ರೀನಿವಾಸರ 1942ರ ಮೈಸೂರು ಮದುವೆ–ಕುಟುಂಬಗಳ ಅಧ್ಯಯನ, ಇರಾವತಿ ಕರ್ವೆಯವರ 1953ರ ಕೃತಿ, ಥಾಮಸ್ ಟ್ರೌಟ್‌ಮನ್‌ನ 1981ರ ‘ದ್ರವಿಡಿಯನ್ ಕಿನ್‌ಷಿಪ್’ ಈ ವಿಷಯದ ಮೈಲಿಗಲ್ಲುಗಳು. ಅಕ್ಕನ ಮಗಳನ್ನೇ ಮದುವೆಯಾಗುವ ರೂಢಿಯಿಂದ ‘ಸೊಸೆ’, ‘ಅಳಿಯ’ ಎಂಬವೂ ಎರಡೆರಡು ಕೆಲಸ ಮಾಡುತ್ತವೆ. 1955ರ ಹಿಂದೂ ವಿವಾಹ ಕಾಯ್ದೆ ರೂಢಿಯಿದ್ದ ಕಡೆ ಇಂಥ ಮದುವೆಗೆ ಅವಕಾಶ ಉಳಿಸಿತು. ಇಟಲಿಯಲ್ಲಿ ಚರ್ಚಿನ ನಿಷೇಧ ಹತ್ತಿರದ ನಂಟಸ್ತಿಕೆಗೆ ಶತಮಾನಗಳಿಂದ ಅಡ್ಡ ನಿಂತಿದೆ. ಚಿಕ್ಕಪ್ಪ–ಅಣ್ಣನ ಮಗಳಂಥ ಜೋಡಿಗೆ ಇಂದಿನ ಕಾನೂನಿನಲ್ಲೂ ನ್ಯಾಯಾಲಯದ ಅನುಮತಿ ಬೇಕು.

ಲ್ಯಾಟಿನ್ ಒಂದು ಕಾಲಕ್ಕೆ ನಮ್ಮಂತೆಯೇ ಜಾಗರೂಕವಾಗಿತ್ತು. ಅಪ್ಪನ ಅಣ್ಣ–ತಮ್ಮ ‘ಪಾತ್ರುಉಸ್’, ಅಮ್ಮನ ಅಣ್ಣ–ತಮ್ಮ ‘ಅವುಂಕುಲುಸ್’, ಅಪ್ಪನ ಅಕ್ಕ–ತಂಗಿ ‘ಅಮಿತಾ’, ಅಮ್ಮನ ಅಕ್ಕ–ತಂಗಿ ‘ಮಾತೆರ್ತೆರಾ’. ಇಟಾಲಿಯನ್ ಈ ನಾಲ್ಕನ್ನೂ ಕೈಬಿಟ್ಟು ಗ್ರೀಕ್ ಮೂಲದ ‘ತ್ಸಿಯೊ’, ‘ತ್ಸಿಯಾ’ ಎಂಬ ಜೋಡಿಯಲ್ಲಿ ಸಂಸಾರ ನಡೆಸುತ್ತಿದೆ. ಅವರ ಮಕ್ಕಳೆಲ್ಲ ‘ಕುಜೀನೊ’, ‘ಕುಜೀನಾ’. ದೊಡ್ಡಪ್ಪನ ಮಗನನ್ನು ಅಣ್ಣ ಎಂದು ಬೆಳೆದವರು ಅವನನ್ನು ‘ಫ್ರಾತೆಲ್ಲೊ’ ಎಂದು ಪರಿಚಯಿಸಿದರೆ ಇಟಲಿಯ ಕಚೇರಿಯಲ್ಲಿ ಕಾಗದಪತ್ರ ಗೋಜಲಾದೀತು. ‘ನಿಪೋತೆ’ ಇನ್ನೂ ಉದಾರ: ಮೊಮ್ಮಗ, ಮೊಮ್ಮಗಳು, ಅಣ್ಣನ ಮಗ, ತಂಗಿಯ ಮಗಳು ಎಲ್ಲರೂ ಅದರೊಳಗೆ. ಹೆಣ್ಣೋ ಗಂಡೋ ಎಂಬುದು ಪಕ್ಕದ ‘ಮಿಯೊ’, ‘ಮಿಯಾ’ಗಳಿಂದ ತಿಳಿಯುತ್ತದೆ, ಒಡಹುಟ್ಟಿದವರ ಮಗುವೋ ಮೊಮ್ಮಗುವೋ ಎಂಬುದನ್ನು ಕೇಳಿಯೇ ತಿಳಿಯಬೇಕು.

ಇಂಗ್ಲಿಷಿನಲ್ಲಿ ಹೆಸರೇ ಇಲ್ಲದ ನಂಟಿಗೆ ಮಾತ್ರ ಇಟಾಲಿಯನ್ ನಮ್ಮ ಪಕ್ಕ ನಿಲ್ಲುತ್ತದೆ. ಬೀಗರಿಗೆ ಅಲ್ಲಿ ‘ಕೊನ್‌ಸುವೊಚೆರಿ’ ಎಂಬ ಪದವುಂಟು. ಷಡ್ಡಕನಿಗೆ ‘ಕೊನ್‌ಕೊನ್ಯಾತೊ’, ವಾರಗಿತ್ತಿಗೆ ‘ಕೊನ್‌ಕೊನ್ಯಾತಾ’. ಇಂಗ್ಲಿಷ್ ಮೂಲಕ ಕಲಿಯುವವರ ಪಟ್ಟಿಯಲ್ಲಿ ಈ ಪದಗಳು ಕಾಣುವುದು ಅಪರೂಪ, ಏಕೆಂದರೆ ಅನುವಾದಿಸಲು ಎದುರಿಗೆ ಪದವಿಲ್ಲ.

ನಂಟಿಲ್ಲದವರನ್ನು ನಂಟಿನಿಂದ ಕರೆಯುವುದರಲ್ಲಿ ಟಿನ್ ಫ್ಯಾಕ್ಟರಿಗೆ ಸಮನಿಲ್ಲ. ಆಟೊದವರು ಅಣ್ಣ, ಸೊಪ್ಪು ಮಾರುವವರು ಅಕ್ಕ, ಗೆಳೆಯ ಮಗಾ ಅಥವಾ ಮಚ್ಚಾ. ಈ ಮಚ್ಚಾ ತಮಿಳಿನ ‘ಮಚ್ಚಾನ್’, ಅಂದರೆ ಭಾವಮೈದುನ. ಕಾಲೇಜು ಹುಡುಗರಿಗೆ ಅದರ ಮೂಲದ ಪರಿವೆ ಇದ್ದಂತಿಲ್ಲ. ಮಿಲಾನಿನ ಹುಡುಗರು ಗೆಳೆಯನನ್ನು ‘ತ್ಸಿಯೊ’ ಎನ್ನುತ್ತಾರೆ, ಚಿಕ್ಕಪ್ಪನ ಪದವದು. ಆದರೆ ಅಪರಿಚಿತ ಹೆಂಗಸನ್ನು ‘ಸೊರೆಲ್ಲಾ’ ಎಂದು ಕರೆದರೆ ಅಲ್ಲಿ ನಡೆಯದು. ‘ಸಿನ್ಯೋರಾ’ ಎಂದೇ ಕರೆಯಬೇಕು.

ಎರಡೂ ಪಾಠ ಸೇರುವ ಕಾಗದ

ನಾಳೆಯ ಸಂಗತಿಯೂ ನಂಟರ ಹೆಸರೂ ಒಂದೇ ಹಾಳೆಯಲ್ಲಿ ಸಿಗುವುದು ಲಗ್ನಪತ್ರಿಕೆಯಲ್ಲಿ. ‘ನಮ್ಮ ಜ್ಯೇಷ್ಠ ಪುತ್ರಿ ಚಿ.ಸೌ.’ ಎಂದು ಹಿರಿಕಿರಿತನ ಮೊದಲೇ ದಾಖಲಾಗುತ್ತದೆ. ಮುಂದೆ ನಡೆಯಬೇಕಾದ ಮದುವೆಯನ್ನು ‘ಗುರುಹಿರಿಯರು ನಿಶ್ಚಯಿಸಿರುವುದರಿಂದ’ ಎಂದು ಮುಗಿದುಹೋದ ಕ್ರಿಯೆಯ ಆಧಾರದ ಮೇಲೆ ನಿಲ್ಲಿಸಿ, ಕೊನೆಗೆ ‘ತಾವು ಬಂಧುಮಿತ್ರರೊಡನೆ ಆಗಮಿಸಿ’ ಎಂದು ವಿಧ್ಯರ್ಥದಲ್ಲಿ ಕೋರುತ್ತಾರೆ. ಶಾಲೆಯ ಭವಿಷ್ಯತ್ ಕಾಲ ಇಡೀ ಪತ್ರಿಕೆಯಲ್ಲಿ ಹುಡುಕಿದರೂ ಕಷ್ಟಕ್ಕೆ ಸಿಗಬೇಕು. ಇಟಲಿಯ ಮದುವೆಯ ಕಾಗದದಲ್ಲಿ ವಧೂವರರು ತಮ್ಮ ಮದುವೆಯನ್ನು ವರ್ತಮಾನದಲ್ಲಿ ‘ಸಾರುತ್ತಾರೆ’. ‘ಇಲ್ ಲೋರೊ ಮಾತ್ರಿಮೋನಿಯೊ’ ಎಂಬಲ್ಲಿ ನಿರ್ದೇಶಕ ಪದ ಇದ್ದೇ ಇರುತ್ತದೆ, ಏಕೆಂದರೆ ಮದುವೆ ನಂಟರ ಹೆಸರಲ್ಲ, ಮೇಲಾಗಿ ಅಲ್ಲಿ ‘ಲೋರೊ’ ಇದೆ. ಚರ್ಚು, ದಿನ, ವೇಳೆ ಹೇಳುವಾಗ ಮಾತ್ರ ‘ಆವ್ರಾ ಲುವೋಗೊ’, ಅಂದರೆ ನೆರವೇರಲಿದೆ, ಎಂಬ ಭವಿಷ್ಯದ್ರೂಪ.

ಬಾಯಿಮಾತಿನ ಆಮಂತ್ರಣ ಇನ್ನೂ ಚಿಕ್ಕದು. ‘ಭಾನುವಾರ ನಮ್ಮಕ್ಕನ ಮದುವೆ’ ಎಂದಾಗ ಕ್ರಿಯಾಪದವೇ ಇಲ್ಲ. ಇಟಾಲಿಯನ್ನಿನಲ್ಲಿ ‘ದೊಮೇನಿಕಾ ಚೆ ಇಲ್ ಮಾತ್ರಿಮೋನಿಯೊ ದಿ ಮಿಯಾ ಸೊರೆಲ್ಲಾ’ ಎಂದು ‘ಇದೆ’ ಎಂಬುದನ್ನು ಹೇಳಲೇಬೇಕು. ಅಥವಾ ‘ಮಿಯಾ ಸೊರೆಲ್ಲಾ ಸಿ ಸ್ಪೋಸಾ’ ಎಂದು ವರ್ತಮಾನದಲ್ಲಿ ಮುಗಿಸಬಹುದು. ಹುಟ್ಟುಹಬ್ಬದ ಮಾತಿನಲ್ಲಿ ಎರಡು ಭಾಷೆ ಮತ್ತೆ ಕೈಕುಲುಕುತ್ತವೆ: ‘ಮೇ ತಿಂಗಳಿಗೆ ಇಪ್ಪತ್ತು ತುಂಬುತ್ತೆ’ ಎಂಬುದಕ್ಕೆ ‘ಅ ಮಾಜ್ಜೊ ಕೊಂಪಿರೋ ವೆಂತಾನ್ನಿ’. ‘ಕೊಂಪೀರೆ’ ಎಂದರೂ ತುಂಬಿಸುವುದು, ಪೂರ್ತಿಗೊಳಿಸುವುದು ಎಂದೇ. ಎಷ್ಟು ಜನ ಒಡಹುಟ್ಟಿದವರು ಎನ್ನುವಾಗ ಮಾತ್ರ ನಾವು ‘ನನಗೆ ಇಬ್ಬರು ಅಣ್ಣಂದಿರು’ ಎಂದು ಚತುರ್ಥಿ ಹಾಕಿ, ಮನುಷ್ಯರಿಗೆಂದೇ ಇರುವ ಎಣಿಕೆಯ ಪದ ಬಳಸುತ್ತೇವೆ. ಅವರು ‘ಒ ದೂಎ ಫ್ರಾತೆಲ್ಲಿ’ ಎಂದು ಅಣ್ಣಂದಿರನ್ನೂ ಪುಸ್ತಕಗಳನ್ನೂ ಒಂದೇ ‘ದೂಎ’ಯಲ್ಲಿ ಎಣಿಸಿ, ‘ಹೊಂದಿದ್ದೇನೆ’ ಎನ್ನುತ್ತಾರೆ.

ಇಟಾಲಿಯನ್ ಕಲಿಯಲು ಹೊರಟ ಕನ್ನಡಿಗರು ಪಠ್ಯಪುಸ್ತಕದ ಇಂಗ್ಲಿಷ್ ಅಂಕಣದ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಇನ್ನೊಂದು ಅಂಕಣ ಎಳೆದು ತಮ್ಮ ಮನೆಮಾತಿನ ವಾಕ್ಯ ಬರೆದುಕೊಳ್ಳಲಿ. ‘ಬರುವೆನು’ ಎಂದು ಬರೆಯಬೇಡಿ, ‘ಬರ್ತೀನಿ’ ಎಂದೇ ಬರೆಯಿರಿ.